ಗಿರಿಜಾಳ ಬಾಯಿ ಮುಚ್ಚಿಸಿದವನು

ಗಿರಿಜಾ ಸುಳ್ಳು ಹೇಳಿರಲಿಲ್ಲ. ಸುಳ್ಳು ನನ್ನದು. ಮುಂಡರಗಿಯ ಆ ವಧು-ವರ ಮಾಹಿತಿ ಕೇಂದ್ರದಿಂದ ಹೆಣ್ಣುಮಕ್ಕಳ ಫೋಟೋ, ಫೋನ್ ನಂಬರು ಹೊರಗೆ ಹೋದದ್ದು ನಾನು ಬರೆದ ಸಾಫ್ಟ್‌ವೇರಿನ ದೋಷದಿಂದ. ಆ ದೋಷ ಇದೆಯೆಂದು ಆಕೆ ನನಗೆ ಮೊದಲೇ ತಿಳಿಸಿದ್ದಳು. ಎಲ್ಲ ಗೊತ್ತಿದ್ದೂ ನಾನು ಸುಮ್ಮನಿದ್ದೆ — ಆಕೆಯನ್ನೂ ಸುಮ್ಮನಿರಿಸಿದೆ. ಮೊನ್ನೆಯವರೆಗೆ, ಇಷ್ಟು ವರ್ಷ, ಇದನ್ನು ಯಾರೆದುರೂ ಆಡಿರಲಿಲ್ಲ.

ಬೆಟಗೇರಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು ನಾನೊಂದು ಲಾಗಿನ್ ಚೌಕಟ್ಟು ಕಟ್ಟಿದ್ದೆ. ವೆಬ್‌ಸೈಟಿನ ಒಳಗೆ ಬರುವವನು ಯಾರು, ಪಾಸ್‌ವರ್ಡ್ ಸರಿಯೇ ಎಂದು ನೋಡಿ ಬಿಡುವುದು ಅದರ ಕೆಲಸ. ಓಪನ್ ಸೋರ್ಸ್ — ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಕೋಡನ್ನು ತೆರೆದು ಓದಬಹುದು. ಎಲ್ಲೆಲ್ಲಿಯವರೋ ಬಳಸುತ್ತಿದ್ದರು. ಓಣಿಯಲ್ಲಿ ಯಾರಿಗೂ ಗೊತ್ತಿಲ್ಲದ ಈ ದೊಡ್ಡಸ್ತಿಕೆ ನನ್ನ ತಲೆಗೇರಿತ್ತು, ಮುಚ್ಚುಮರೆ ಯಾಕೆ.

ಗಿರಿಜಾ ಗದಗಿನಲ್ಲಿ ಬಿಸಿಎ ಓದಿ ಆ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅದರ ವೆಬ್‌ಸೈಟಿಗೆ ನನ್ನ ಚೌಕಟ್ಟನ್ನೇ ಹಾಕಿದ್ದರು. ಸಣ್ಣ ಆಫೀಸುಗಳ ರೂಢಿಯಂತೆ ಅಲ್ಲಿ ಎಲ್ಲರೂ ಒಂದೇ ಹೆಸರಿನಿಂದ ಒಳಹೋಗುತ್ತಿದ್ದರು. ಅದು ಗಿರಿಜಾಳ ಹೆಸರು. ಒಬ್ಬ ಕೆಲಸಗಾರ ಜಗಳಾಡಿ ಬಿಟ್ಟುಹೋದ ದಿನ ಆಕೆ ಪಾಸ್‌ವರ್ಡ್ ಬದಲಿಸಿದಳು; ಹೊಸದನ್ನು ಯಾರಿಗೂ ಹೇಳದೆ, ಬೇಕಾದವರಿಗೆ ತಾನೇ ತೆರೆದುಕೊಡತೊಡಗಿದಳು. ಶಾಣ್ಯಾ ಹುಡುಗಿ, ಅಷ್ಟಕ್ಕೇ ಬಿಡಲಿಲ್ಲ. ಮನೆಯಲ್ಲಿದ್ದ ತನ್ನ ಹಳೆಯ ಫೋನು ತೆಗೆದು ನೋಡಿದಳು. ಅದರಲ್ಲಿ ಹಿಂದೆ ತೆರೆದಿದ್ದ ಪುಟ ಹೊಸ ಪಾಸ್‌ವರ್ಡ್ ಕೇಳದೆ ಹಾಗೇ ತೆರೆದುಕೊಂಡಿತ್ತು. ಬಾಗಿಲಿನ ಬೀಗ ಬದಲಿಸಿದ್ದಾಯಿತು, ಒಳಗೆ ಕೂತವನು ಮಾತ್ರ ಒಳಗೇ ಇದ್ದ. ತಪ್ಪು ಎಲ್ಲಿಯದೆಂದು ಹುಡುಕುತ್ತ ಹೋಗಿ ಕೊನೆಗೆ ನನ್ನ ನಂಬರು ಸಂಪಾದಿಸಿ ಫೋನ್ ಮಾಡಿದಳು.

“ಸರ್, ನೀವು ನಮ್ಮ ಬೆಟಗೇರಿಯವ್ರಂತ ಗೊತ್ತಾತು, ಭಾಳ ಖುಷಿ ಆತ್ರಿ,” ಎಂದು ಶುರುಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಆಮೇಲೆ ಕೇಳಿದಳು, “ಬಿಟ್ಟು ಹೋದಾಂವನ ಫೋನಿನ್ಯಾಗೂ ಹಿಂಗ ತೆರದ ಇರಬೇಕಲ್ರಿ?”

ಇರಬೇಕಲ್ಲ! ಅದು ನನಗೆ ಆ ಕ್ಷಣವೇ ಹೊಳೆಯಿತು.

“ನಾ ಜಲ್ದಿ ಸರಿ ಮಾಡ್ತೀನಿ. ನಾ ಹೇಳೂ ತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಿಮ್ಮ ಮಾಲಕರ ಮುಂದ ಸೈತ.”

“ಆತ್ರಿ ಸರ್. ನನ್ನ ಬಾಯಿಂದ ಹೊರಗ ಬರೂದಿಲ್ಲ, ತಗೋರಿ.”

ಈ ಕೆಲಸದಲ್ಲಿ ಇದೊಂದು ಪದ್ಧತಿ. ದೋಷ ಕಂಡವರು ಮೊದಲು ಬರೆದವನಿಗಷ್ಟೇ ಗುಟ್ಟಾಗಿ ತಿಳಿಸಬೇಕು. ಅವನು ಸರಿಪಡಿಸಿ, ಬಳಸುವವರಿಗೆಲ್ಲ ಎಚ್ಚರಿಕೆ ಕೊಟ್ಟು, ಕಂಡುಹಿಡಿದವರ ಹೆಸರನ್ನೂ ಹೇಳುವವರೆಗೆ ಸುಮ್ಮನಿರಬೇಕು. ಕಳ್ಳರ ಕಿವಿಗೆ ಬೀಳದಿರಲಿ ಎಂದು ಮಾಡಿಕೊಂಡ ಪದ್ಧತಿ, ಒಳ್ಳೆಯದೇ. ಆದರೆ ಸರಿಪಡಿಸುವವನು ಸರಿಪಡಿಸಬೇಕಲ್ಲ? ಅರ್ಧ ದಿನದ ಕೆಲಸವದು. ಆಗ ಹುಬ್ಬಳ್ಳಿಯ ಕಂಪನಿಯೊಂದು ನನ್ನ ಚೌಕಟ್ಟನ್ನು ಆರಿಸಿಕೊಳ್ಳುವ ಮಾತು ನಡೆದಿತ್ತು. ಇಂಥ ಹೊತ್ತಿನಲ್ಲಿ ‘ನನ್ನದರಲ್ಲಿ ಭದ್ರತಾ ದೋಷವಿದೆ’ ಎಂದು ನಾನೇ ಡಂಗುರ ಸಾರಲೇ — ಅವರದೊಂದು ಮುಗಿಯಲಿ, ನಾಳೆ ನೋಡೋಣ, ಇನ್ನೊಂದು ವಾರ... ಹೀಗೆ ಮುಂದೂಡಿದೆ.

ಬಿಟ್ಟುಹೋದವನು ಮುಂದೂಡಲಿಲ್ಲ. ಹುಡುಗಿಯರ ಫೋಟೋಗಳು, ನಂಬರುಗಳು ಹೊಲಸು ಮಾತುಗಳ ಜೊತೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದವು. ಸೊರಟೂರಿನ ಸವಿತಾಳಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಸವಿತಾ ಗಿರಿಜಾಳ ಕಾಲೇಜಿನ ಗೆಳತಿ. ಗಿರಿಜಾ ಇದ್ದಾಳೆ ಎಂಬ ಒಂದೇ ಧೈರ್ಯದಿಂದ ಅಲ್ಲಿ ಫೋಟೋ ಕೊಟ್ಟಿದ್ದಳು.

ಫೋಟೋ, ನಂಬರುಗಳನ್ನು ಹೊರಗೆ ಒಯ್ದದ್ದು ಯಾರೆಂದು ಕಂಪ್ಯೂಟರಿನಲ್ಲಿ ನೋಡಿದರೆ ಗಿರಿಜಾಳ ಹೆಸರೇ ಇತ್ತು. ಮಾಲಕರು ಎಲ್ಲರೆದುರೇ ಕೇಳಿದರಂತೆ: “ಪಾಸ್‌ವರ್ಡ್ ಬದಲಿ ಮಾಡಿದಾಕಿ ನೀನ. ಹೊಸಾದು ಗೊತ್ತಿದ್ದದ್ದು ನಿನಗೊಬ್ಬಾಕಿಗೇ. ಮತ್ಯಾರು ಒಳಗ ಹೊಕ್ಕರವಾ, ದೆವ್ವ?” ಆಕೆಯ ಜಾಣತನವೇ ಆಕೆಯ ಕುತ್ತಿಗೆಗೆ ಬಂತು.

ಹೊರಗೆ ಬಂದು ನನಗೆ ಫೋನ್ ಮಾಡಿದಳು. “ಸರ್, ಈಗರೆ ಹೇಳ್ಲೇನ್ರಿ?”

ಅಳುತ್ತಿದ್ದಳು. ಅಳುತ್ತಲೂ ನನ್ನ ಅಪ್ಪಣೆ ಕೇಳುತ್ತಿದ್ದಳು! “ಇನ್ನೆರಡು ದಿನ ತಡೀರಿ,” ಎಂದೆ. ಹೊಟ್ಟೆಗೆ ಅನ್ನ ತಿನ್ನುವವನು ಆಡುವ ಮಾತೇ ಅದು? ನಾನು ಆಡಿದೆ.

ಆಕೆ ತಡೆದಳು. ಆ ಎರಡು ದಿನದಲ್ಲಿ ನಾನು ದೋಷವನ್ನು ಸರಿಪಡಿಸಿದೆ, ಹೌದು. ಬೇರೆ ಸಣ್ಣಪುಟ್ಟ ಬದಲಾವಣೆಗಳ ನಡುವೆ ಅದನ್ನು ತೂರಿಸಿ, ‘ಸ್ವಲ್ಪ ಹಸನು ಮಾಡಿದ್ದೇನೆ’ ಎಂದಷ್ಟೇ ಬರೆದು ಹೊಸ ಆವೃತ್ತಿ ಬಿಟ್ಟೆ. ಎಚ್ಚರಿಕೆ ಇಲ್ಲ, ಆಕೆಯ ಹೆಸರೂ ಇಲ್ಲ. ಕೇಂದ್ರದ ವೆಬ್‌ಸೈಟ್ ನೋಡಿಕೊಳ್ಳುವವನು ಎಂದಿನಂತೆ ಹೊಸದನ್ನು ಹಾಕಿಕೊಂಡ. ಕೊನೆಗೆ ಗಿರಿಜಾ ತಾಳಲಾರದೆ ಮಾಲಕರಿಗೆ ಹೇಳಿದಳು. ಅವರು ಅವನನ್ನು ಕೂರಿಸಿ ಪರೀಕ್ಷೆ ಮಾಡಿಸಿದರು. ಪಾಸ್‌ವರ್ಡ್ ಬದಲಿಸಿದ ಕೂಡಲೇ ಹಳೆಯ ಫೋನಿನಲ್ಲಿದ್ದ ಪುಟ ಮುಚ್ಚಿಕೊಂಡು ಹೊಸ ಪಾಸ್‌ವರ್ಡ್ ಕೇಳಿತು. ಆಕೆ ಹೇಳಿದ ದೋಷ ಅಲ್ಲಿ ಇರಲೇ ಇಲ್ಲ. ಆಕೆಗಿದ್ದ ಒಂದೇ ಸಾಕ್ಷಿಯನ್ನು ನಾನೇ ಅಳಿಸಿದ್ದೆ.

“ಬೆಟಗೇರಿ ಸರ್‌ನ ಕೇಳ್ರಿ, ಅವ್ರಿಗೆ ಗೊತ್ತೈತಿ,” ಎಂದಳಂತೆ ಆಕೆ. ಮಾಲಕರು ಆಕೆಯೆದುರೇ ನನಗೆ ಫೋನ್ ಹಚ್ಚಿದರು. ನಾನು ಹೇಳಿದೆ: “ಅಂಥಾದ್ದೇನಿಲ್ರೀ.”

ಅಷ್ಟೇ. ಗಿರಿಜಾಳನ್ನು ಕೆಲಸದಿಂದ ತೆಗೆದರು. ಹೆಣ್ಣುಮಕ್ಕಳ ಮಾನ ಮಾರಿಕೊಂಡಾಕಿ ಎಂಬ ಹೆಸರು ಹೊತ್ತು ಆಕೆ ಊರು ಬಿಟ್ಟಳು. ನನ್ನ ಚೌಕಟ್ಟನ್ನು ಹುಬ್ಬಳ್ಳಿಯವರು ಆರಿಸಿಕೊಂಡರು. ಅದರಿಂದ ನನಗೆ ಸುಖ ಸಿಗಲಿಲ್ಲವೆಂದರೆ ಅದೂ ಸುಳ್ಳಾದೀತು. ಉಂಡೆ, ಮಲಗಿದೆ, ನಿದ್ದೆಯೂ ಬಂತು.

ಮೊನ್ನೆ ಯಾರೋ ಅಪರಿಚಿತರು ಇನ್ನೊಂದು ದೋಷ ತಿಳಿಸಿದರು. ಉತ್ತರ ಬರೆಯತೊಡಗಿದೆ — ‘ನಾನು ಹೇಳುವ ತನಕ ಯಾರಿಗೂ...’ ಮುಂದೆ ಕೈ ಏಳಲಿಲ್ಲ. ಅವರು ತಿಳಿಸಿದ ದೋಷವನ್ನು ಅಂದೇ ಸರಿಪಡಿಸಿ ಸಾರಿದೆ. ಹಳೆಯದರ ಬಗ್ಗೆಯೂ, ನಾನು ಅದನ್ನು ಮುಚ್ಚಿಟ್ಟದ್ದರ ಬಗ್ಗೆಯೂ ಎಲ್ಲರಿಗೂ ಕಾಣುವಂತೆ ಬರೆದೆ. ಗಿರಿಜಾ ಶಿರಹಟ್ಟಿಯಲ್ಲಿ ಔಷಧ ಅಂಗಡಿಯೊಂದರಲ್ಲಿ ಇದ್ದಾಳೆಂದು ವಿಚಾರಿಸಿಕೊಂಡು ಹೋದೆ.

“ಯಾವ ಗುಳಿಗಿ ಬೇಕ್ರಿ?” ಎಂದಳು. ನನ್ನ ಮುಖ ಆಕೆ ಕಂಡಿರಲಿಲ್ಲ. ಹೆಸರು ಹೇಳಿದೆ. ಮಾಡಿದ್ದನ್ನೆಲ್ಲ ಹೇಳಿದೆ.

“ನನ್ನ ಮುಂದ್ಯಾಕ ಹೇಳಾಕ ಬಂದೀರಿ? ನನಗ ಗೊತ್ತಿದ್ದದ್ದ ಐತಲ್ರಿ ಅದು. ಗೊತ್ತಿಲ್ಲದವ್ರ ಮುಂದ ಹೋಗಿ ಹೇಳ್ರಿ.”

ಮುಂಡರಗಿಗೆ ಹೋದೆ. ಮಾಲಕರು ಕೇಳಿ, “ಆಗಿ ಹೋದದ್ದು, ಈಗ್ಯಾಕ ಕೆದರ್ತೀರಿ,” ಎಂದು ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ. ಮರುದಿನ ಸೊರಟೂರಿಗೆ ಹೋದೆ. ಸವಿತಾಳ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಮಗಳಿಗೆ ಆಮೇಲೆ ಬೇರೆ ಕಡೆ ಮದುವೆಯಾಗಿತ್ತು. “ಬರ್ರಿ, ಕುಂಡ್ರಿ,” ಎಂದರು. ನಾನು ಕೂರಲಿಲ್ಲ. ಲಾಗಿನ್ನು, ಪಾಸ್‌ವರ್ಡು ಎಂದು ಸುತ್ತಿಬಳಸಲು ಹೋಗಿ ತಡವರಿಸಿ, ಎಲ್ಲ ಬಿಟ್ಟು ಹೇಳಿದೆ:

“ಗಿರಿಜಾಂದು ತಪ್ಪಿಲ್ರಿ ಯವ್ವಾ. ತಪ್ಪು ನಂದು. ಅದು ನನಗ ಆವತ್ತ ಗೊತ್ತಿತ್ತು.”

ಅವರ ಕೈ ಜೋಳದ ಮೊರದಲ್ಲೇ ನಿಂತಿತು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿ, ಹೊಡೆಯಲಿ — ಅದಕ್ಕೇ ಹೋಗಿದ್ದೆನೋ ಏನೋ.

“ಹಂಗಾರ... ಆವತ್ತ ಆಕಿ ನಮ್ಮ ಬಾಗಲದಾಗ ನಿಂತು ‘ನಾ ಮಾಡಿಲ್ಲ’ ಅಂತ ಅತ್ತದ್ದು ಖರೇನ?”

“ಖರೇನ್ರಿ.”

“ಯಪ್ಪಾ, ನನ್ನ ಮಗಳ ಜೋಡಿ ಒಂದ ತಾಟಿನ್ಯಾಗ ಉಂಡಾಕಿ ಆಕಿ. ಆಕಿ ಮಾರಿ ಮ್ಯಾಲ ನಾ ಬಾಗಲಾ ಹಾಕೀನಲ್ಲೋ!”

ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ನೋಡುತ್ತ ನಿಂತೆ.