ಗಿಣಿ ಹಸಿರು ಕಾಗದಕ್ಕಿಳಿದ ದಿನ

ಬನಹಟ್ಟಿಯಲ್ಲಿ ನಾನೂ ನನ್ನ ತಂಗಿಯೂ ಡಿಜಿಟಲ್ ಪ್ರಿಂಟಿಂಗ್ ಅಂಗಡಿ ತೆರೆದ ಹೊಸತು. ಮೊದಲ ದೊಡ್ಡ ಕೆಲಸ ಕೊಟ್ಟವಳು ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ. ರಬಕವಿಯಲ್ಲಿ ಅವಳಿಗೆ ಸ್ವಂತ ಮಗ್ಗಗಳಿವೆ. ತಾನು ನೇಯಿಸಿದ ಸೀರೆಗಳ ಫೋಟೊ ಪುಸ್ತಕ ಮಾಡಿಸಿ ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ತೋರಿಸಬೇಕೆಂದು ಅವಳಿಗೆ ಹುಕಿ ಬಂದಿತ್ತು.

ಮೊದಲ ಹಾಳೆ ಹೊರಬರುವಾಗ ಅತ್ತಿ ಪಕ್ಕದಲ್ಲೇ ನಿಂತಿದ್ದಳು. ಗಿಣಿ ಹಸಿರಿನ ಸೀರೆ ಒಣಗಿದ ಮೆಂತ್ಯ ಸೊಪ್ಪಿನಂತಾಗಿತ್ತು. ಅದನ್ನು ಉಟ್ಟು ಫೋಟೊಗೆ ನಿಂತಿದ್ದ ತಂಗಿಯ ಮುಖ ಹಾಳೆಯ ಮೇಲೆ ಟೊಮೆಟೊದಂತೆ ಕೆಂಪಾಗಿತ್ತು.

“ಏನ ಬೇ, ಜ್ವರಾ ಬಂದಾವೇನ ನಿನಗ?” ಎಂದು ಅತ್ತಿ ನಿಜವಾಗಿಯೂ ತಂಗಿಯ ಹಣೆ ಮುಟ್ಟಿ ನೋಡಿದಳು.

ನನಗೆ ಅಳು ಬರಬೇಕಿತ್ತು, ನಗು ಬಂತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಂಪ್ಯೂಟರಿನ ಪರದೆಯ ಮೇಲೆ ಬಣ್ಣ ಸರಿಯಾಗಿಯೇ ಇತ್ತು. ಶಾಯಿ ಬದಲಿಸಿದೆವು, ಮಷೀನು ಸ್ವಚ್ಛ ಮಾಡಿದೆವು. ಮುಖ ಮಾತ್ರ ಕೆಂಪು ಬಿಡಲೊಲ್ಲದು. ಕೊನೆಗೆ ತಂಗಿ ಪ್ರಿಂಟಿನ ಸೆಟ್ಟಿಂಗುಗಳನ್ನೆಲ್ಲ ತೆರೆದು ಓದುತ್ತ ಕೂತವಳು ಥಟ್ಟನೆ ನನ್ನ ರಟ್ಟೆ ಹಿಡಿದಳು.

“ಅಕ್ಕಾ, ಇಲ್ನೋಡು. ಸಾಫ್ಟ್‌ವೇರ್ ಬಣ್ಣಾ ತಿದ್ದಿ ಕಳಸಾಕತ್ತೇತಿ. ಪ್ರಿಂಟರ್ ಅದನ್ನ ಮತ್ತ ತಿದ್ದಾಕತ್ತೇತಿ.”

“ಅಂದ್ರ ಒಂದ ಬ್ಯಾಳಿಗೆ ಇಬ್ಬರೂ ಉಪ್ಪ ಹಾಕ್ಯಾರ ಅನ್ನು,” ಎಂದಳು ಅತ್ತಿ.

ಪ್ರಿಂಟರಿನ ತಿದ್ದುಪಡಿಯನ್ನು ಬಂದ್ ಮಾಡಿದೆವು. ಸಾಫ್ಟ್‌ವೇರಿನಲ್ಲಿದ್ದದ್ದು ಬೇರೆ ಯಾವುದೋ ಕಾಗದದ ಪ್ರೊಫೈಲ್, ಅಂದರೆ ಆ ಕಾಗದಕ್ಕೆ ಬಣ್ಣ ಹೊಂದಿಸುವ ಲೆಕ್ಕ. ಅದನ್ನು ತೆಗೆದು ನಮ್ಮ ಕಾಗದದ್ದನ್ನು ಆರಿಸಿದೆವು. ಹಾಳೆ ಮೆಲ್ಲಗೆ ಹೊರಬಂತು. ಮೊದಲು ತಂಗಿಯ ಹಣೆ, ಅವಳದೇ ಗೋಧಿ ಬಣ್ಣದಲ್ಲಿ. ಆಮೇಲೆ ಸೆರಗು. ಗಿಣಿ ಹಸಿರು, ಅಪ್ಪಟ ಗಿಣಿ ಹಸಿರು.

ಬಿಸಿಲಲ್ಲಿ ಹಿಡಿದು ನೋಡೋಣವೆಂದು ಅತ್ತಿ ತಂದಿದ್ದ ಆ ಸೀರೆ, ಹಾಳೆ ಎರಡನ್ನೂ ಎತ್ತಿಕೊಂಡು ರಸ್ತೆಗೇ ಓಡಿದೆವು. ಎದುರಿನ ಚಹಾದ ಅಂಗಡಿಯವರು, “ಏನ್ರೀ ಅಕ್ಕಾರ, ಯಾರದರ ಮದುವಿ ಐತೇನ್ರಿ?” ಎಂದು ಕೇಳಿದರು.

“ಮದುವಿ ಅಲ್ರಿ. ಬಣ್ಣಾ ಕೂಡೇತ್ರಿ,” ಎಂದಳು ತಂಗಿ.

ಅವರಿಗೆ ಏನೂ ತಿಳಿಯಲಿಲ್ಲ. ಆದರೂ ನಗುತ್ತ ಮೂವರಿಗೂ ಚಹಾ ಕೊಟ್ಟರು.

ಒಳಗೆ ಬಂದು ಉಳಿದ ಸೀರೆಗಳನ್ನೆಲ್ಲ ಒಂದೇ ಉಸಿರಿಗೆ ಪ್ರಿಂಟ್ ಹಾಕಿದೆವು. ಬದನೆಕಾಯಿ ಬಣ್ಣ ಬಂತು, ಅರಿಶಿನ ಬಂತು. ಒಂದೊಂದು ಹಾಳೆಗೂ ತಂಗಿ ಕುರ್ಚಿಯಿಂದ ಎದ್ದೆದ್ದು ಕುಣಿಯುತ್ತಿದ್ದಳು. ಕಣ್ಣು ಕೋರೈಸುವ ಗುಲಾಬಿಯದೊಂದು ಮಾತ್ರ ಸ್ವಲ್ಪ ಮಂಕಾಯಿತು. ಆ ಹೊಳಪು ನಮ್ಮ ಶಾಯಿಗೆ ನಿಲುಕುವಂಥದ್ದಲ್ಲ. ತಂಗಿ ಮತ್ತೆ ಸೆಟ್ಟಿಂಗ್ ತೆರೆಯಹೊರಟಾಗ ಅತ್ತಿ ತಡೆದಳು.

“ಬಿಡ ಬೇ. ಅದನ್ನ ನೋಡಾಕರ ಮಂದಿ ನಮ್ಮನಿಗೆ ಬರ್ಲಿ.”

ಪುಸ್ತಕ ಸಿದ್ಧವಾದ ಮೇಲೆ ಅದನ್ನು ಹಿಡಿದು ಮುಧೋಳದ ಬಸ್ಸು ಹತ್ತಿದ ಅತ್ತಿ, ಪಕ್ಕದ ಸೀಟಿನವರಿಗೆಲ್ಲ ತೋರಿಸುತ್ತಲೇ ಹೋದಳಂತೆ. ಅಂಗಡಿ ಮುಟ್ಟುವ ಮೊದಲೇ, ಬಸ್ಸಿನಲ್ಲೇ ಒಬ್ಬರು ತಮಗೊಂದು ಸೀರೆ ಬೇಕೆಂದು ಗೊತ್ತು ಮಾಡಿಕೊಂಡರು.