ಕವರಿನ ಹಿಂದಿನ ಹೂವು

ವೀರೇಶನಿಗೆ ಮನುಷ್ಯರನ್ನು ಕಂಡರೆ ಹೇಸಿಗೆ ಹುಟ್ಟಿದ್ದು ಮೊಬೈಲ್ ಕವರುಗಳನ್ನು ಬಿಚ್ಚಿ ಬಿಚ್ಚಿ. ಶಿರಾಳಕೊಪ್ಪದ ಬಸ್ ನಿಲ್ದಾಣದ ಪಕ್ಕ ಅವನದೊಂದು ತಳ್ಳುಗಾಡಿ. ಅದರ ತುಂಬ ಬಣ್ಣಬಣ್ಣದ ಕವರು, ಫೋನಿಗೆ ತೂಗುಬಿಡುವ ಮಣಿಸರ, ಗುಂಡು ಕರಡಿ, ದೃಷ್ಟಿಗೆಂದು ಪ್ಲಾಸ್ಟಿಕ್ಕಿನ ನಿಂಬೆಹಣ್ಣು ಮೆಣಸಿನಕಾಯಿ. ಸೊರಬದ ಹೋಟೆಲೊಂದರಲ್ಲಿ ಹತ್ತು ವರ್ಷ ಎಂಜಲು ತಟ್ಟೆ ಎತ್ತಿ ರೋಸಿದವನು, ಇನ್ನು ಥಳಥಳ ಹೊಳೆಯುವ ಸಾಮಾನನ್ನೇ ಮುಟ್ಟುತ್ತೇನೆಂದು ಈ ಗಾಡಿ ಹಾಕಿದ್ದ.

ಆದರೆ ಹೊಸ ಕವರು ಹಾಕಬೇಕೆಂದರೆ ಹಳೆಯದನ್ನು ತೆಗೆಯಲೇಬೇಕಲ್ಲ! ಅದರ ಹಿಂದೆ ಏನಿರುವುದಿಲ್ಲ? ಬೆವರಿಗೆ ಅಂಟಿಕೊಂಡ ಬಸ್ ಟಿಕೆಟ್ಟು, ಎಲೆಯಡಿಕೆಯ ಸುಣ್ಣ, ಗೊಬ್ಬರದ ಧೂಳು, ಕೂದಲು, ಒಮ್ಮೆಯಂತೂ ಚಪ್ಪಟೆಯಾದ ಜಿರಲೆ ಮರಿ. ಇದನ್ನೇ ಕೆನ್ನೆಗೊತ್ತಿಕೊಂಡು ಮಾತಾಡುತ್ತಾರಲ್ಲ, ಥೂ! ಕವರನ್ನು ಎರಡೇ ಬೆರಳಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿ, ಕಾಲಬುಡದ ಡಬ್ಬಕ್ಕೆ ಕೊಡವಿಬಿಡುತ್ತಿದ್ದ. ನೋಡುತ್ತಲೂ ಇರಲಿಲ್ಲ, ಕೇಳುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ಹಾಲಮ್ಮ ಎಂಬ ಮುದುಕಿ ಬಂದು ಫೋನು ಚಾಚಿದಳು.

"ಇದಕ್ಕೊಂದು ಕರಡಿ ಕಟ್ಟಿ ಕೊಡಪ್ಪ. ನಾಳೆ ಮೊಮ್ಮಗಳು ತೃಪ್ತಿಗೆ ಶಿವಮೊಗ್ಗದಾಗೆ ಎದೆ ಆಪರೇಷನ್ನು. ಕರಡಿ ತಂದ್ರೆ ಅಳಂಗಿಲ್ಲ ಅಂದಾಳೆ."

ಅವಳ ಕವರಿಗೆ ದಾರ ಪೋಣಿಸುವ ತೂತಿರಲಿಲ್ಲ. ವೀರೇಶ ಅದನ್ನು ಕಿತ್ತ, ಕೊಡವಿದ, ಫೋನು ಒರೆಸಿ ಹೊಸ ಕವರು ತೊಡಿಸಿ ಕರಡಿ ಕಟ್ಟಿದ. ಫೋನನ್ನು ಮಗುಚಿ ನೋಡಿದ ಹಾಲಮ್ಮನ ಮುಖ ಬಿಳಿಚಿಕೊಂಡಿತು.

"ಇದರ ಹಿಂದೆ ಹೂವಿತ್ತಲ್ಲೋ! ಆಪರೇಷನ್ ಮಾಡಿಸ್ಲಾ ಬ್ಯಾಡ್ವಾ ಅಂತ ಅಮ್ಮನ ಗುಡೀಲಿ ಕೇಳಿದಾಗ ಬಲಗಡೆ ಬಿದ್ದ ಹೂವು. ಅದಿಲ್ದೆ ಮಗೀನ ಹ್ಯಾಂಗೆ ಒಳಗೆ ಕಳಿಸ್ಲಿ? ನಾ ಒಲ್ಲೆ!"

ವೀರೇಶ ಹಲ್ಲು ಕಚ್ಚಿ ಡಬ್ಬಕ್ಕೆ ಕೈ ಹಾಕಿದ. ಮೂರು ದಿನದ ಹೊಲಸು. ಜಿಗುಟು ಬೆರಳಿಗೆ ಮೆತ್ತಿಕೊಂಡಿತು. ಒಂದು ಒಣಹೂವು ಸಿಕ್ಕಿತು, ಇನ್ನೊಂದು ಸಿಕ್ಕಿತು, ಮತ್ತೊಂದೂ ಸಿಕ್ಕಿತು. ಮೂರೂ ಕಂದುಬಣ್ಣ, ಮೂರೂ ಚಪ್ಪಟೆ. ಕೇಳಿ ಪಡೆದ ಹೂವನ್ನು ಕವರಿನ ಹಿಂದಿಡುವುದು ಈ ಸೀಮೆಯಲ್ಲಿ ಹಾಲಮ್ಮ ಒಬ್ಬಳೇ ಅಲ್ಲವಲ್ಲ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಇದ್ದುದರಲ್ಲಿ ಕೊಳೆ ಕಡಿಮೆಯಿದ್ದ ಹೂವನ್ನು ಆರಿಸಿ ಅಂಗಿಗೆ ಒರೆಸಿದ.

"ಇದೇ ನೋಡಜ್ಜಿ. ಬೀಳೋವಾಗ ನಾನೇ ನೋಡಿದ್ದೆ."

ಹಾಲಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು, ಕವರಿನೊಳಗೆ ಇಡಿಸಿಕೊಂಡಳು.

"ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ. ಮಗು ಬದುಕ್ತು" ಎಂದು ಕರಡಿ ತೂಗಾಡಿಸುತ್ತ ಬಸ್ಸು ಹತ್ತಿದಳು.

ನಲ್ಲಿಯ ಬಳಿ ಅವನು ಮೂರು ಸಲ ಸೋಪು ಹಚ್ಚಿ ಕೈ ತೊಳೆದ. ಕೈಯೇನೋ ಹಸನಾಯಿತು, ಹೇಸಿಗೆ ಮಾತ್ರ ಹೋಗಲಿಲ್ಲ. ಯಾರು ಯಾವ ಸಂಕಟಕ್ಕೆ ಕೇಳಿಕೊಂಡ ಹೂವೋ, ಅದನ್ನು ನಂಬಿ ಮಗು ನಾಳೆ ಒಳಗೆ ಹೋಗುತ್ತದೆ. ಉಳಿದೆರಡು ಹೂವು ಗಾಡಿಯ ಮೇಲೇ ಇದ್ದವು. ಡಬ್ಬಕ್ಕೆ ಹಾಕಲು ಕೈ ಬರಲಿಲ್ಲ. ಎದುರಿಗೆ ತೂಗುಹಾಕಿದ್ದ ಕನ್ನಡಿ ಕವರಿನಲ್ಲಿ ತನ್ನ ಮುಖ ಕಂಡಿತು. ಥೂ ಎಂದು ಅದನ್ನು ಆಚೆ ತಿರುಗಿಸಿದ.