ಬಂಗಡೆಗೂ ಬಸ್ಸಿಗೂ ಒಂದೇ ಕಾಯ್ದೆ

ಕಳೆದ ಬುಧವಾರ ಮನೆಗೆ ಹಣಕೋಣದ ಅಳಿಯ ಬಂದಿದ್ದ. ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ತುಂಬ ಬಂಗಡೆ ಇತ್ತು, ನನ್ನ ಕೈಯಲ್ಲಿ ಚೀಲವೂ ಇತ್ತು. ಆದರೂ ಮೀನು ಸಿಗಲಿಲ್ಲ!

ಮೀನು ಮಾರುವ ದೇವಿ ನನಗೆ ಹಳೆಯ ಪರಿಚಯ. ಗಂಡ ದೋಣಿಯಲ್ಲಿ ತಂದದ್ದನ್ನು ಎಲೆಯ ಮೇಲೆ ಪಾಲು ಹಾಕಿ ಮಾರುತ್ತಾಳೆ. ಪಾಲೆಂದರೆ ಕಣ್ಣಳತೆಯ ಗುಪ್ಪೆ. ಚೌಕಾಸಿ ಮುಗಿದ ಮೇಲೆ ಕೊಸರಿಗೊಂದು ಮೀನು. ನಮ್ಮ ಕಡೆ ಬಂಗಡೆಯನ್ನು ತೂಗಿಸಿ ಕೊಂಡವರನ್ನು ನೀವು ಕಂಡಿದ್ದೀರಾ? (ನಾನಂತೂ ಕಂಡಿಲ್ಲ.)

ಅಂದು ಪಾಲೂ ಇಲ್ಲ, ಕೂಗೂ ಇಲ್ಲ. ಬುಟ್ಟಿಗೆ ಗೋಣಿ ಮುಚ್ಚಿ ಕೂತಿದ್ದಳು.

"ಹೊಸ ಕಾಯ್ದೆ ಬಂದದ್ಯಂತೆ ಒಡೆಯಾ. ತೂಗ್ದೇ ಮಾರೂಕಿಲ್ಲಂತೆ."

"ಹಾಗಾದರೆ ತೂಗು ಮಾರಾಯ್ತಿ!"

"ಒದ್ದೆ ಸಾಮಾನು ಸರಕಾರಿ ಮುದ್ರೆ ತಕ್ಕಡಿಗೆ ಹಾಕೂಕಿಲ್ಲಂತೆ. ಅದೂ ಅದ್ರಲ್ಲೇ ಬರ್ದದ್ಯಂತೆ. ಒಣಾ ಬಂಗಡೆ ಸಮುದ್ರದಲ್ಲಿ ಸಿಕ್ತದ್ಯಾ?"

"ಸುಮ್ಮನೆ ಪಾಲು ಹಾಕಿ ಕೊಡು. ಕೇಳಿದರೆ ನಾನಿದ್ದೇನೆ."

"ನೀವಿರ್ತ್ರಿ ಒಡೆಯಾ. ಜಾಗ ಹೋಗೂದು ನಂದು. ನಮ್ಮತ್ತೆ ಕೂತ ಜಾಗ ಇದು."

ನನಗೆ ಪಿತ್ತ ನೆತ್ತಿಗೇರಿತು. ನೆಟ್ಟಗೆ ಪುರಸಭೆಯ ಕಚೇರಿಗೆ ನಡೆದೆ.

"ಪಾಲು ಹಾಕಿ ಮಾರಿದರೆ ತಪ್ಪೇ?" ಗುಮಾಸ್ತರನ್ನು ಕೇಳಿದೆ.

"ಇದ್ರೂ ಇರ್ಬಹುದು ರಾಯರೆ. ಕಾಯ್ದೆ ಜಾರಿಗೆ ಬಂದದೆ, ಅದರ ಪೂರಾ ಪ್ರತಿ ನಮ್ಗಿನ್ನೂ ಬಂದಿಲ್ಲ. ಕಾರವಾರದಲ್ಲಿ ಕೇಳಿ ನೋಡಿ."

ಕಾರವಾರಕ್ಕೆ ಹೋಗಿ ಬರುವ ತನಕ ಬಂಗಡೆ ಕಾಯುತ್ತದೆಯೇ? ಬಸ್ಸಿನ ಸೀಟು, ಸೀಮೆಎಣ್ಣೆಯ ಡಬ್ಬಿ, ಗೋಡಂಬಿ, ಜವಳಿ, ಮೀನು ಎಲ್ಲವನ್ನೂ ಒಂದೇ ಕಾಯ್ದೆಯಲ್ಲಿ ಗಂಟು ಕಟ್ಟಿ, ವಿಧಾನಸಭೆಯ ಒಂದೇ ಬೈಠಕ್ಕಿನಲ್ಲಿ ಪಾಸು ಮಾಡಿದ್ದಾರಂತೆ. ಏನು ಅವಸರವಪ್ಪಾ! ಕೈ ಎತ್ತಿದ ಮಹಾಶಯರಲ್ಲಿ ಅದನ್ನು ಕೊನೆಯ ತನಕ ಓದಿದವರು ಯಾರಾದರೂ ಇದ್ದರೇ? ಓದಿದ್ದರೆ ಒಂದು ಕಲಮು ತೂಗು ಎನ್ನುವುದು, ಇನ್ನೊಂದು ತೂಗಬೇಡ ಎನ್ನುವುದು ಅವರ ಕಣ್ಣಿಗೆ ಬೀಳಲಿಲ್ಲವೇ? ಜವಳಿ ಅಂಗಡಿಯವರೂ ಬಾಗಿಲು ಅರ್ಧ ಎಳೆದು ಕೂತಿದ್ದರು. ಯಾವುದಕ್ಕೆ ಹಿಡಿಯುತ್ತಾರೋ ಯಾರಿಗೆ ಗೊತ್ತು? ತಪ್ಪು ಯಾವುದೆಂದು ಹೇಳದೆ ಜನರನ್ನು ಹೆದರಿಸುವುದು ರಾಜ್ಯಭಾರವೇನು?

ಮರಳಿ ಬರುವಾಗ ಬಿಸಿಲು ನೆತ್ತಿಯ ಮೇಲಿತ್ತು. ಗೋಣಿಯ ಕೆಳಗಿನಿಂದ ವಾಸನೆ ಶುರುವಾಗಿತ್ತು. ದೇವಿ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಮಾರ್ಕೆಟ್ಟಿನ ಜವಾನ ಬಂದು ಬುಟ್ಟಿಗೆ ಕೋಲು ಕುಟ್ಟಿದ. "ಕೊಳ್ತ ಮೀನು ಇಟ್ಕಂಡೀಯಾ? ಹೊಸ ಕಾಯ್ದೆ ಪ್ರಕಾರ ಜಾಗ ರದ್ದು. ಏಳು ಏಳು!"

ಕಚೇರಿಗೇ ಬಂದು ಮುಟ್ಟದ ಕಾಯ್ದೆಯಲ್ಲಿ ಈ ಒಂದು ಕಲಮು ಮಾತ್ರ ಅವನಿಗೆ ಬಾಯಿಪಾಠವಾದದ್ದು ಹೇಗೆ?